ಚೊಚ್ಚಲ ಹೆರಿಗೆಯೂ ಅದರ ಮುಂದಿನವೂ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಚೊಚ್ಚಲ ಬಸುರಿಯರೂ, ಅವರಿಗಿಂತ ಹೆಚ್ಚಾಗಿ ಅವರ ತಾಯಂದಿರೂ, ಈಚೆಗೆ ಕೆಲವರು ಗಂಡಂದಿರೂ ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುವ ಪ್ರಶ್ನೆಯೊಂದುಂಟು: ತಾಯಿ ಆರೋಗ್ಯವಾಗಿದ್ದು, ಮಗುವಿನ ತಲೆ ಕೆಳಮುಖವಾಗಿದ್ದು, ಶಸ್ತ್ರಕ್ರಿಯೆಗೆ ವೈದ್ಯಕೀಯವಾದ ಕಾರಣ ಯಾವುದೂ ಇಲ್ಲದಿರುವಾಗ, ನೋವು ತಿಂದು ಹೆರುವುದು ಮೇಲೋ, ದಿನವನ್ನು ಮೊದಲೇ ಗೊತ್ತುಮಾಡಿಕೊಂಡು ಸಿಸೇರಿಯನ್ ಮಾಡಿಸಿಕೊಳ್ಳುವುದು ಮೇಲೋ ಎಂಬುದೇ ಆ ಪ್ರಶ್ನೆ. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿ ಬೆಳೆದಿರುವಾಗಲೋ, ಮಗು ಅಡ್ಡಲಾಗಿ ಮಲಗಿರುವಾಗಲೋ, ಹೆರಿಗೆಯ ನಡುವೆ ಮಗುವಿನ ಹೃದಯದ ಬಡಿತ ಕುಂದಿ ಮತ್ತೆ ಏರದಿರುವಾಗಲೋ ಈ ಪ್ರಶ್ನೆಗೆ ಎಡೆಯೇ ಇಲ್ಲ. ಅಲ್ಲಿ ಸಿಸೇರಿಯನ್ ಎರಡು ಜೀವಗಳನ್ನು ಉಳಿಸುವ ಉಪಾಯ, ಅದನ್ನು ತಡಮಾಡುವುದು ಅಪರಾಧ. ನಾನು ಹೇಳಹೊರಟಿರುವುದು ಆಯ್ಕೆಗೆ ನಿಜವಾಗಿಯೂ ಅವಕಾಶವಿರುವ ತಾಯಂದಿರನ್ನು ಕುರಿತು. ಸರಕಾರಿ ಸೇವೆಯಲ್ಲಿ ಪ್ರಸೂತಿ ವೈದ್ಯೆಯಾಗಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಇಲ್ಲಿ ದೃಢವಾಗಿ ಅನ್ನಿಸಿರುವುದು ಇಷ್ಟು: ಚೊಚ್ಚಲ ಹೆರಿಗೆಗೆ ದಾರಿಯನ್ನು ಆರಿಸುವವಳು ತನ್ನ ಮುಂದಿನ ಹೆರಿಗೆಗಳ ದಾರಿಯನ್ನೂ ಅದೇ ಗಳಿಗೆಯಲ್ಲಿ ಬಹುಮಟ್ಟಿಗೆ ಗೊತ್ತುಮಾಡಿಬಿಡುತ್ತಾಳೆ, ಆದರೆ ಆ ಗಳಿಗೆಯಲ್ಲಿ ಈ ಮಾತನ್ನು ಆಕೆಗೆ ತಿಳಿಯಹೇಳುವವರು ತೀರ ವಿರಳ.

ಸಿಸೇರಿಯನ್ ಎಂದೊಡನೆ ಎದೆಗುಂದುವ ಹಿರಿಯರು ಇನ್ನೂ ಇದ್ದಾರೆ. ಅವರ ಅಂಜಿಕೆ ಅಕಾರಣವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಕಾಲ ಯೂರೋಪಿನ ವೈದ್ಯರು ಗರ್ಭಕೋಶವನ್ನು ಕೊಯ್ದು ಮಗುವನ್ನು ತೆಗೆದ ಮೇಲೆ ಆ ಗಾಯವನ್ನು ಹೊಲಿಯದೆಯೇ ಬಿಡುತ್ತಿದ್ದುದರಿಂದ, ತಾಯಂದಿರಲ್ಲಿ ಹೆಚ್ಚಿನವರು ರಕ್ತಸ್ರಾವದಿಂದಲೋ ನಂಜಿನಿಂದಲೋ ಸಾಯುತ್ತಿದ್ದರು. 1882ರಲ್ಲಿ ಜರ್ಮನಿಯ ಮಾಕ್ಸ್ ಸೆಂಗರ್ ಆ ಗಾಯವನ್ನು ಜಾಗ್ರತೆಯಿಂದ ಹೊಲಿಯಬೇಕೆಂದು ಪ್ರತಿಪಾದಿಸಿದುದು, 1920ರ ದಶಕದಲ್ಲಿ ಗ್ಲ್ಯಾಸ್ಗೋ ನಗರದ ಮನ್ರೋ ಕೆರ್ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವ ಕ್ರಮವನ್ನು ಬಳಕೆಗೆ ತಂದುದು, ಅನಂತರ ಪೆನಿಸಿಲಿನ್ ಮತ್ತು ರಕ್ತನಿಧಿಗಳು ಒದಗಿದುದು, ಇವೆಲ್ಲವೂ ಸೇರಿದುದರಿಂದ ಒಂದು ಕಾಲಕ್ಕೆ ಕಡೆಯ ಉಪಾಯವಾಗಿದ್ದ ಈ ಶಸ್ತ್ರಕ್ರಿಯೆ ಇಂದು ಸಜ್ಜಾದ ಆಸ್ಪತ್ರೆಯಲ್ಲಿ ಬಹಳ ಸುರಕ್ಷಿತವಾದುದೆನಿಸಿದೆ. ಆದಕಾರಣ, ಹೊಟ್ಟೆ ಕೊಯ್ಸಿಕೊಂಡವಳು ಹೆತ್ತವಳೇ ಅಲ್ಲವೆಂಬಂತೆ ಬಾಣಂತಿಯ ಮುಂದೆ ಆಡುವ ಮಾತು ಕ್ರೂರವಾದುದು, ಅಸತ್ಯವಾದುದು. ಅದನ್ನು ನಮ್ಮ ಮನೆಗಳಿಂದ ಹೊರಗೆ ಹಾಕಬೇಕು. ಏಳು ಪದರಗಳನ್ನು ಕೊಯ್ಸಿಕೊಂಡು, ಮೂರನೆಯ ದಿನ ಎದ್ದು ಮಗುವಿಗೆ ಹಾಲೂಡುವವಳ ಸಹನೆ ಯಾರ ಸಹನೆಗೂ ಕಡಿಮೆಯದಲ್ಲ.

ಇಂದಿನ ಚಿಂತೆ ಬೇರೊಂದು ಬಗೆಯದು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 23.6ರಷ್ಟಿದ್ದ ಸಿಸೇರಿಯನ್ನುಗಳ ಪ್ರಮಾಣ 2019–21ರ ಸಮೀಕ್ಷೆಯ ವೇಳೆಗೆ 31.5ಕ್ಕೆ ಏರಿತು. ಅದೇ ಸಮೀಕ್ಷೆಯಂತೆ ಇಡೀ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಅದು 14.3, ಖಾಸಗಿ ಆಸ್ಪತ್ರೆಗಳಲ್ಲಿ 47.4. ಇಷ್ಟು ದೊಡ್ಡ ಅಂತರವನ್ನು ಹೆಂಗಸರ ಶರೀರಭೇದದಿಂದ ವಿವರಿಸಲಾಗದು. ವೈದ್ಯರ ಸಮಯದ ಅಭಾವ, ರಾತ್ರಿಯ ಪಾಳಿಗೆ ಸಿಬ್ಬಂದಿಯ ಕೊರತೆ, ಮಗುವಿಗೆ ಏನಾದರೂ ಆದರೆ ಬರಬಹುದಾದ ಆಪಾದನೆಯ ಭಯ, ಹಣದ ಆಸೆ, ಇವೆಲ್ಲವೂ ಆ ಅಂಕಿಯೊಳಗೆ ಸೇರಿವೆ. ತಾಯಂದಿರ ಸ್ವಂತ ಇಚ್ಛೆಯ ಪಾಲು ಅದರಲ್ಲಿ ಜನ ಭಾವಿಸುವಷ್ಟು ದೊಡ್ಡದಲ್ಲವೆಂದು ನನ್ನ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಯಾವ ಪ್ರದೇಶದಲ್ಲಿಯೂ ಈ ಪ್ರಮಾಣ ನೂರಕ್ಕೆ 10–15ನ್ನು ಮೀರಲು ಸಮರ್ಥನೆಯಿಲ್ಲವೆಂದಿದ್ದಿತು. 2015ರಲ್ಲಿ ಅದೇ ಸಂಸ್ಥೆ, ಒಂದು ಅಂಕಿಯನ್ನು ಮುಟ್ಟುವುದು ಗುರಿಯಾಗಬಾರದು, ಅಗತ್ಯವಿರುವ ಪ್ರತಿಯೊಬ್ಬಳಿಗೂ ಸಿಸೇರಿಯನ್ ಒದಗುವುದು ಗುರಿಯಾಗಬೇಕೆಂದು ತನ್ನ ಮಾತನ್ನು ತಿದ್ದಿಕೊಂಡಿತು. ಆ ತಿದ್ದುಪಡಿಯೇ ನನಗೆ ಹೆಚ್ಚು ಮಾನ್ಯವಾದುದು.

ಇನ್ನು ಒಬ್ಬಳೇ ತಾಯಿಯ ನಿರ್ಧಾರಕ್ಕೆ ಬರೋಣ. ಜನರು ಈ ಎರಡನ್ನು ತೂಗುವ ಕ್ರಮದಲ್ಲಿಯೇ ಒಂದು ದೋಷವುಂಟು. ಬೆಳಗಿನ ಜಾವ ನೋವು ಬಂದು ಮಧ್ಯಾಹ್ನದೊಳಗೆ ಹೆತ್ತ ಅಕ್ಕನ ಹೆರಿಗೆಯನ್ನೂ, ಒಂದು ಹಗಲು ಒಂದು ರಾತ್ರಿ ನೋವುಂಡು ಕೊನೆಗೆ ಅವಸರದಲ್ಲಿ ಥಿಯೇಟರಿಗೆ ಹೋದ ಪಕ್ಕದ ಮನೆಯವಳ ಸಿಸೇರಿಯನ್ನನ್ನೂ ಎದುರುಬದುರು ಇಟ್ಟು ಒಬ್ಬರು ತೀರ್ಪು ಕೊಡುತ್ತಾರೆ. ಹೊತ್ತು ಗೊತ್ತುಮಾಡಿಕೊಂಡು ನಿರಾಳವಾಗಿ ಮಾಡಿಸಿಕೊಂಡ ಗೆಳತಿಯ ಸಿಸೇರಿಯನ್ನನ್ನೂ, ಇಕ್ಕಳ ಹಾಕಿ ಮಗುವನ್ನು ತೆಗೆಯಬೇಕಾಗಿ ಬಂದ ಮತ್ತೊಬ್ಬಳ ಹೆರಿಗೆಯನ್ನೂ ಹೋಲಿಸಿ ಇನ್ನೊಬ್ಬರು ಅದಕ್ಕೆ ವಿರುದ್ಧವಾದ ತೀರ್ಪು ಕೊಡುತ್ತಾರೆ. ಎಂಟನೆಯ ತಿಂಗಳಲ್ಲಿ ಕುಳಿತು ಯೋಚಿಸುವವಳಿಗೆ ಫಲ ಕೈಯಲ್ಲಿಲ್ಲ, ಸಂಕಲ್ಪ ಮಾತ್ರ ಇದೆ. ಸಹಜ ಹೆರಿಗೆಯೆಂದು ಸಂಕಲ್ಪಿಸಿದವಳ ಹೆರಿಗೆ ಸಹಜವಾಗಿಯೇ ಮುಗಿಯಬಹುದು, ವ್ಯಾಕ್ಯೂಮ್ ಅಥವಾ ಇಕ್ಕಳದ ನೆರವಿನಿಂದ ಮುಗಿಯಬಹುದು, ಇಲ್ಲವೆ ತುರ್ತು ಶಸ್ತ್ರಕ್ರಿಯೆಯಲ್ಲಿಯೂ ಮುಗಿಯಬಹುದು; ಚೊಚ್ಚಲಿನಲ್ಲಿ ಈ ಕಡೆಯ ಸಂಭವ ಮುಂದಿನ ಹೆರಿಗೆಗಳಲ್ಲಿರುವುದಕ್ಕಿಂತ ಹೆಚ್ಚು. ನೋವೆಲ್ಲ ತಿಂದ ಮೇಲೆ ಆಗುವ ಆ ಶಸ್ತ್ರಕ್ರಿಯೆಯಲ್ಲಿ ರಕ್ತಸ್ರಾವವೂ ನಂಜೂ ಮೊದಲೇ ಗೊತ್ತುಮಾಡಿದ ಸಿಸೇರಿಯನ್ನಿಗಿಂತ ಅಧಿಕ. ದಿನ ಗೊತ್ತುಮಾಡಿಕೊಳ್ಳುವವರ ಪಕ್ಷಕ್ಕೆ ಅತ್ಯಂತ ಬಲವಾದ ವಾದವಿರುವುದು ಇಲ್ಲಿಯೇ. ಇದನ್ನು ಮುಚ್ಚಿಟ್ಟು ಸಹಜ ಹೆರಿಗೆಯನ್ನು ಹೊಗಳುವುದು ನ್ಯಾಯವಲ್ಲ.

ಮಿಕ್ಕ ಲಾಭನಷ್ಟಗಳನ್ನು ಚುಟುಕಾಗಿ ಹೇಳಬಹುದು. ಸಹಜ ಹೆರಿಗೆಯಲ್ಲಿ ಕೆಳಭಾಗ ಹರಿಯಬಹುದು. ಕೆಲವರಲ್ಲಿ ಆ ಸೀಳು ಗುದದ ಸ್ನಾಯುವಿನವರೆಗೆ ಹೋಗುವುದುಂಟು. ಕೆಮ್ಮಿದಾಗ, ಸೀನಿದಾಗ ಮೂತ್ರ ಜಿನುಗುವ ತೊಂದರೆಯೂ, ವಯಸ್ಸಾದ ಮೇಲೆ ಗರ್ಭಕೋಶ ಜಾರುವ ತೊಂದರೆಯೂ ಸಿಸೇರಿಯನ್ ಆದವರಿಗಿಂತ ಇವರಲ್ಲಿ ಹೆಚ್ಚು. ಇದನ್ನು ಕುರಿತು ನಮ್ಮ ಹೆಂಗಸರು ಬಾಯಿಬಿಡುವುದಿಲ್ಲ, ಆದುದರಿಂದ ಅವರ ಹೆಣ್ಣುಮಕ್ಕಳಿಗೂ ತಿಳಿಯುವುದಿಲ್ಲ. ಸಿಸೇರಿಯನ್ನಿನಲ್ಲಿ ಚೇತರಿಕೆ ನಿಧಾನ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಗಾಯ ಕೀವುಗಟ್ಟುವ ಸಂಭವವೂ ಉಂಟು. ಮಗುವಿನ ಮಟ್ಟಿಗೆ ಹೇಳುವುದಾದರೆ, ಗರ್ಭದಲ್ಲಿರುವಾಗ ಅದರ ಶ್ವಾಸಕೋಶಗಳಲ್ಲಿ ತುಂಬಿರುವ ದ್ರವ ಹೆರಿಗೆಯ ನೋವು ಆರಂಭವಾದೊಡನೆ ಹಾರ್ಮೋನುಗಳ ಪ್ರೇರಣೆಯಿಂದ ಇಂಗತೊಡಗುತ್ತದೆ. ನೋವೇ ಬರದೆ ಹೊರಗೆ ತೆಗೆದ ಮಗುವಿನಲ್ಲಿ ಆ ದ್ರವ ಪೂರ್ತಿ ಇಂಗದೆ ಒಂದೆರಡು ದಿನ ಉಸಿರು ಏರುಪೇರಾಗಿ, ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗಿ ಬರಬಹುದು. 39 ವಾರಗಳು ತುಂಬುವವರೆಗೆ ಕಾದರೆ ಈ ತೊಂದರೆ ಬಹಳಮಟ್ಟಿಗೆ ತಗ್ಗುತ್ತದೆ. ಇವುಗಳನ್ನೆಲ್ಲ ಒಟ್ಟಿಗೆ ತೂಗಿದಾಗ, ಜನ್ಮದಲ್ಲಿ ಒಂದೇ ಹೆರಿಗೆಯೆಂದು ನಿಶ್ಚಯಿಸಿದವಳಿಗೆ ತಕ್ಕಡಿ ಯಾವ ಕಡೆಗೂ ಬಹಳವಾಗಿ ವಾಲುವುದಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ.

ಆದರೆ ನಮ್ಮಲ್ಲಿ ಒಂದೇ ಹೆರಿಗೆಯೆಂದು ನಿಶ್ಚಯಿಸಿದವರು ಎಷ್ಟು ಮಂದಿ? ನಿಶ್ಚಯಿಸಿದರೂ ಆ ನಿಶ್ಚಯ ಅತ್ತೆಯ ಮನೆಯಲ್ಲಿ ಎಷ್ಟು ವರ್ಷ ನಿಲ್ಲುತ್ತದೆ? ಜಿಲ್ಲಾ ಆಸ್ಪತ್ರೆಯೊಂದರಲ್ಲಿ ನಾನು ಕೆಲಸಮಾಡುತ್ತಿದ್ದಾಗ ಮೂರನೆಯ ಹೆರಿಗೆಗೆ ಬಂದ, ಇನ್ನೂ ಮೂವತ್ತು ತುಂಬದ ಹೆಣ್ಣುಮಗಳ ಹೊಟ್ಟೆಯನ್ನು ತೆರೆದಾಗ ಕಂಡುದನ್ನು ಇಲ್ಲಿ ಬರೆಯಲೇಬೇಕು. ಆಕೆಗೆ ಹಿಂದಿನ ಎರಡೂ ಸಿಸೇರಿಯನ್. ಈ ಸಲ ಮಾಸು ಕೆಳಗೆ, ಹಳೆಯ ಗಾಯದ ಮೇಲೆಯೇ ಕುಳಿತಿದ್ದಿತು. ಗರ್ಭಕೋಶದ ಕೆಳಭಾಗ ಉಬ್ಬಿ, ಕಾಗದದಂತೆ ತೆಳುವಾಗಿ, ಬೆರಳುದಪ್ಪದ ನೀಲಿ ರಕ್ತನಾಳಗಳು ಅದರ ಮೇಲೆಲ್ಲ ಹೆಣೆದುಕೊಂಡು ಮೂತ್ರಕೋಶದವರೆಗೂ ಹಬ್ಬಿದ್ದುವು. ಸಾಮಾನ್ಯವಾಗಿ ಮಾಸು ಗರ್ಭಕೋಶದ ಒಳಹಾಸಿಗೆ ಅಂಟಿಕೊಂಡಿದ್ದು, ಮಗು ಹುಟ್ಟಿದ ಮೇಲೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಹೊಲಿಗೆ ಬಿದ್ದ ಜಾಗದಲ್ಲಿ ಆ ಒಳಹಾಸು ಮೊದಲಿನಂತೆ ಬೆಳೆಯದ ಕಾರಣ, ಹಳೆಯ ಗೋಡೆಯ ಬಿರುಕಿನೊಳಕ್ಕೆ ಅರಳಿಯ ಬೇರು ಇಳಿಯುವಂತೆ ಮಾಸು ಸ್ನಾಯುವಿನೊಳಕ್ಕೇ ಇಳಿದುಬಿಡುತ್ತದೆ. ಅದನ್ನು ಕೀಳಹೋದರೆ ರಕ್ತ ನಿಲ್ಲುವುದಿಲ್ಲ. ಮಗುವನ್ನು ಮೇಲಿನಿಂದ ತೆಗೆದು, ಗರ್ಭಕೋಶವನ್ನೇ ತೆಗೆದುಹಾಕಿ, ರಕ್ತನಿಧಿಯಲ್ಲಿದ್ದ ಆಕೆಯ ಗುಂಪಿನ ಬಾಟಲಿಗಳೆಲ್ಲ ಮುಗಿದು ಆಕೆಯ ಮೈದುನನೂ ಅವನ ಗೆಳೆಯರೂ ಸಾಲುಗಟ್ಟಿ ರಕ್ತ ಕೊಟ್ಟ ಮೇಲೆ ಆ ತಾಯಿ ಉಳಿದಳು. ಆಮೇಲೆ ಆಕೆಯ ಹಳೆಯ ಡಿಸ್ಚಾರ್ಜ್ ಚೀಟಿಗಳನ್ನು ತೆಗೆದು ನೋಡಿದೆನು. ಮೊದಲನೆಯ ಶಸ್ತ್ರಕ್ರಿಯೆಗೆ ಅಲ್ಲಿ ಬರೆದಿದ್ದ ಕಾರಣ, ರೋಗಿಯ ಮತ್ತು ಮನೆಯವರ ಕೋರಿಕೆ. ಎಷ್ಟು ಮಕ್ಕಳು ಬೇಕೆಂದಿದ್ದೀಯೆಂದು ಆ ಹತ್ತೊಂಬತ್ತು ವರ್ಷದ ಹುಡುಗಿಯನ್ನು ಅಂದು ಯಾರಾದರೂ ಕೇಳಿದರೇ ಎಂದು ಕೇಳಿದುದಕ್ಕೆ, ಆಕೆ ಇಲ್ಲವೆಂದಳು.

ಇಂತಹುದು ಪ್ರತಿಯೊಬ್ಬಳಿಗೂ ಆಗುವುದಿಲ್ಲ. ಒಂದು ಸಿಸೇರಿಯನ್ ಆದವರಲ್ಲಿ ಬಹುತೇಕರು ಎರಡನೆಯದನ್ನೂ ಸುರಕ್ಷಿತವಾಗಿ ದಾಟುವರು. ಆದರೆ ಅಪಾಯ ಏರುವ ಕ್ರಮವನ್ನು ನೋಡಿರಿ. ಅಮೆರಿಕದ ಆಸ್ಪತ್ರೆಗಳಲ್ಲಿ ಮೂವತ್ತು ಸಾವಿರಕ್ಕೂ ಮೇಲ್ಪಟ್ಟ ತಾಯಂದಿರನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾಸು ಗರ್ಭಕೋಶದ ಬಾಯನ್ನು ಮುಚ್ಚಿ ಕುಳಿತಿದ್ದವರ ಪೈಕಿ, ಅದು ಹೀಗೆ ಸ್ನಾಯುವಿನೊಳಕ್ಕೆ ಇಳಿದಿದ್ದುದು ಎರಡನೆಯ ಸಿಸೇರಿಯನ್ನಿನ ವೇಳೆಗೆ ನೂರಕ್ಕೆ 11 ಮಂದಿಯಲ್ಲಿ, ಮೂರನೆಯದರ ವೇಳೆಗೆ 40 ಮಂದಿಯಲ್ಲಿ. ಮೊದಲನೆಯದು ಸಿಸೇರಿಯನ್ ಆದರೆ ಎರಡನೆಯದು ಸಹಜವಾಗಿ ಆಗಬಾರದೆಂದೇನೂ ಇಲ್ಲ. ಪ್ರಯತ್ನಿಸಿದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಹೆರುತ್ತಾರೆ, ಹಳೆಯ ಗಾಯ ಬಿಟ್ಟುಕೊಳ್ಳುವುದು ಇನ್ನೂರರಲ್ಲಿ ಒಬ್ಬಳಿಗೆ. ಒಮ್ಮೆ ಸಿಸೇರಿಯನ್ ಆದವಳಿಗೆ ಎಂದೆಂದಿಗೂ ಸಿಸೇರಿಯನ್ನೇ ಎಂಬ ಭಾವನೆ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ 1916ರಲ್ಲಿ ಆಡಿದ ಮಾತಿನಿಂದ ಹಬ್ಬಿದುದು. ಆಗ ಗರ್ಭಕೋಶವನ್ನು ಉದ್ದಕ್ಕೆ ಸೀಳುತ್ತಿದ್ದ ಕಾಲ. ಆದರೆ ಆ ಇನ್ನೂರರಲ್ಲಿ ಒಬ್ಬಳನ್ನು ಉಳಿಸಬೇಕಾದರೆ ಹಗಲೂ ರಾತ್ರಿಯೂ ಥಿಯೇಟರು, ಅರಿವಳಿಕೆ ತಜ್ಞರು ಮತ್ತು ರಕ್ತ ಸಿದ್ಧವಾಗಿರಬೇಕು. ನಮ್ಮ ತಾಲ್ಲೂಕು ಊರುಗಳಲ್ಲಿ ಅವು ಒಟ್ಟಿಗೆ ದೊರೆಯುವುದು ಅಪರೂಪವಾದ್ದರಿಂದ, ಅಲ್ಲಿನ ವೈದ್ಯರು ಎರಡನೆಯದನ್ನೂ ಶಸ್ತ್ರಕ್ರಿಯೆಯಿಂದಲೇ ಮುಗಿಸುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. ಆದುದರಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಪಕ್ಕದಲ್ಲಿ ವಾಸಿಸುವವಳಿಗೂ, ಮಳೆಗಾಲದಲ್ಲಿ ರಸ್ತೆ ಕಡಿದುಹೋಗುವ ಮಲೆನಾಡಿನ ಹಳ್ಳಿಯವಳಿಗೂ ಮೊದಲ ಗಾಯದ ಬೆಲೆ ಒಂದೇ ಅಲ್ಲ.

ಇಷ್ಟನ್ನು ಹೇಳಿದ ಮೇಲೂ ಉಳಿಯುವುದು ಭಯ. ಅದನ್ನು ಹಗುರವಾಗಿ ಕಾಣಬಾರದು. ಅರಸೀಕೆರೆಯ ಕಡೆಯ ಶಾಲಾ ಉಪಾಧ್ಯಾಯಿನಿಯೊಬ್ಬಳು ತಾಯಿಯನ್ನೂ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಬಂದು, ತಾಯಿ ಕಾರ್ಡನ್ನು ಮೇಜಿನ ಮೇಲಿಟ್ಟು, "ಡಾಕ್ಟ್ರಮ್ಮಾ, ನನ್ನ ಕೈಲಿ ನೋವು ತಡಕೊಳ್ಳೋಕಾಗಲ್ಲ, ಆಪರೇಷನ್ನೇ ಮಾಡ್ಬಿಡಿ" ಎಂದಳು. "ನಾವೆಲ್ಲ ಹೆತ್ತಿಲ್ವೇನೇ?" ಎಂದು ತಾಯಿ ಗದರಿದಳು, ಅತ್ತೆ ಸುಮ್ಮನಿದ್ದಳು. ಹಿರಿಯರಿಬ್ಬರನ್ನೂ ಹೊರಗೆ ಕೂರಲು ಹೇಳಿ, "ನೋವು ಅಂದ್ರೆ ನಿನಗೆ ಏನು ಕಣ್ಣಿಗೆ ಕಟ್ಟುತ್ತಮ್ಮಾ?" ಎಂದು ಕೇಳಿದೆನು. ಬಹಳ ಹೊತ್ತಿನ ಮೇಲೆ ಆಕೆ ಹೇಳಿದುದು ತನ್ನ ನಾದಿನಿಯ ಹೆರಿಗೆಯ ವಿಚಾರ: ಮುಚ್ಚಿದ ಬಾಗಿಲ ಹೊರಗೆ ಇವಳು ನಿಂತಿರುವಾಗ ಒಳಗಿನಿಂದ ನಾದಿನಿ ಅತ್ತಿಗೆಯನ್ನು ಕೂಗಿ ಕರೆಯುತ್ತಿದ್ದಳು, ಯಾರೋ ಅವಳನ್ನು ಬಾಯಿಗೆ ಬಂದಂತೆ ಬೈದು ಸುಮ್ಮನಿರಿಸುತ್ತಿದ್ದರು, ಇವಳನ್ನು ಒಳಗೆ ಬಿಡಲಿಲ್ಲ. ಆ ಹುಡುಗಿಯನ್ನು ಕಾಡುತ್ತಿದ್ದುದು ವೇದನೆಗಿಂತ ಹೆಚ್ಚಾಗಿ, ವೇದನೆಯಲ್ಲಿ ಒಂಟಿಯಾಗಿ ಬಿದ್ದು ಬೈಸಿಕೊಳ್ಳಬೇಕಾದೀತೆಂಬ ಶಂಕೆ. ಇದಕ್ಕೆ ಔಷಧ ಶಸ್ತ್ರಕ್ರಿಯೆಯೇ? ಆಕೆಯ ಅಕ್ಕ ಮೊದಲಿನಿಂದ ಕಡೆಯವರೆಗೆ ಜೊತೆಯಲ್ಲಿರಬಹುದೆಂದು ನಾನು ಒಪ್ಪಿದೆನು, ಲೇಬರ್ ವಾರ್ಡನ್ನು ಮುಂಚಿತವಾಗಿ ಕರೆದುಕೊಂಡುಹೋಗಿ ತೋರಿಸಿದೆನು, ಅಲ್ಲಿನ ಸಿಸ್ಟರನ್ನು ಹೆಸರು ಹಿಡಿದು ಪರಿಚಯಿಸಿದೆನು. ನೋವು ಬಂದ ರಾತ್ರಿ ಆಕೆ ಅಕ್ಕನ ಹೆಗಲಿಗೆ ಕೈಹಾಕಿ ಕಾರಿಡಾರಿನ ಉದ್ದಕ್ಕೂ ನಡೆದಳು, ಕಿಟಕಿಯ ಸರಳನ್ನು ಹಿಡಿದು ಬಗ್ಗಿ ನಿಂತಳು, ನನ್ನನ್ನೂ ಅಕ್ಕನನ್ನೂ ಶಪಿಸಿದಳು, ಬೆಳಗಿನ ಜಾವಕ್ಕೆ ಹೆಣ್ಣುಮಗುವನ್ನು ಹೆತ್ತಳು.

ಒಬ್ಬ ಸಂಗಾತಿಯ ನಿರಂತರ ಸಾನ್ನಿಧ್ಯದಿಂದ ಸಿಸೇರಿಯನ್ನಿನ ಅಗತ್ಯವೇ ಕಡಿಮೆಯಾಗುವುದೆಂಬುದು ನನ್ನೊಬ್ಬಳ ಅನುಭವವಲ್ಲ. ಹಲವು ದೇಶಗಳ ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನೊಳಗೊಂಡ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯೂ ಅದನ್ನೇ ಹೇಳುತ್ತದೆ. ಅದೇ ವರ್ಷ ಆರಂಭವಾದ ಕೇಂದ್ರ ಸರಕಾರದ ಲಕ್ಷ್ಯ ಕಾರ್ಯಕ್ರಮ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಸಂಗಾತಿಗೆ ಎಡೆಕೊಡುತ್ತದೆ. ಆದರೂ ಜಾಗವಿಲ್ಲ, ಪರದೆಯಿಲ್ಲವೆಂಬ ನೆವದಿಂದ ಬಾಗಿಲು ಮುಚ್ಚುವ ಆಸ್ಪತ್ರೆಗಳುಂಟು. ವೇದನೆಯ ಮಟ್ಟಿಗೆ ಎಪಿಡ್ಯೂರಲ್ ಎಂಬ, ಬೆನ್ನಿನ ಮೂಲಕ ಕೊಡುವ ಔಷಧವುಂಟು. ಅದರಿಂದ ತಾಯಿ ಎಚ್ಚರವಾಗಿದ್ದೇ ನೋವಿನ ತೀವ್ರತೆಯನ್ನು ಕಳೆದುಕೊಳ್ಳುವಳು, ಸಿಸೇರಿಯನ್ನಿನ ಸಂಭವವೂ ಅದರಿಂದ ಹೆಚ್ಚುವುದಿಲ್ಲ. ಇದು ನಗರದ ಖಾಸಗಿ ಆಸ್ಪತ್ರೆಗಳಲ್ಲಿ ಹಣವಿದ್ದವರಿಗೆ ದೊರೆಯುತ್ತದೆ. ಒಬ್ಬರೇ ಅರಿವಳಿಕೆ ತಜ್ಞರಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಅವರು ಶಸ್ತ್ರಕ್ರಿಯೆಗಳಿಗೇ ಸಾಲುವುದಿಲ್ಲ. ನೋವನ್ನು ಶಮನಗೊಳಿಸುವ ಉಪಾಯವನ್ನು ಕೊಡದೆ, ನೋವಿಗೆ ಹೆದರಿ ಶಸ್ತ್ರಕ್ರಿಯೆಯನ್ನು ಬೇಡುವವಳನ್ನು ಹೇಡಿಯೆನ್ನುವುದಕ್ಕೆ ನಮಗೆ ಯಾವ ಅಧಿಕಾರವೂ ಇಲ್ಲ. ಕಾಲದ ವಿಷಯವೂ ಹಾಗೆಯೇ. ಗಂಟೆಗೆ ಒಂದು ಸೆಂಟಿಮೀಟರಿನಂತೆ ಗರ್ಭಕೋಶದ ಬಾಯಿ ತೆರೆಯಲೇಬೇಕೆಂಬ ಲೆಕ್ಕವನ್ನು ನಾವು ವಿದ್ಯಾರ್ಥಿನಿಯರಾಗಿದ್ದಾಗ ಕಂಠಪಾಠ ಮಾಡಿದ್ದೆವು; ಎಷ್ಟೋ ಆರೋಗ್ಯವಂತ ಚೊಚ್ಚಲ ತಾಯಂದಿರಲ್ಲಿ ಅದು ಅಷ್ಟು ಬೇಗ ತೆರೆಯದು, ಐದು ಸೆಂಟಿಮೀಟರಿನ ಅನಂತರವೂ ಹನ್ನೆರಡು ಗಂಟೆಯವರೆಗೆ ಹಿಡಿಯಬಹುದು, ನಿಧಾನವೊಂದೇ ಶಸ್ತ್ರಕ್ರಿಯೆಗೆ ಕಾರಣವಾಗದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟಪಡಿಸಿತು.

ಇವೆಲ್ಲವನ್ನೂ ಕೇಳಿ, ಅರಿತು, ಆಮೇಲೂ ತನಗೆ ಸಿಸೇರಿಯನ್ನೇ ಬೇಕೆನ್ನುವವಳ ಮಾತಿಗೆ ನಾನು ತಲೆಬಾಗುತ್ತೇನೆ. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಈಡಾಗಿದ್ದ ಒಬ್ಬಾಕೆಗೆ ಒಳಪರೀಕ್ಷೆಯ ಕೈ ತಗುಲಿದೊಡನೆ ಮೈ ನಡುಗುತ್ತಿದ್ದಿತು. ಅವಳಿಗೆ 39ನೆಯ ವಾರ ತುಂಬಿದ ಮೇಲೆ ಶಸ್ತ್ರಕ್ರಿಯೆ ಮಾಡಿದೆನು, ಅದು ಆಕೆಗೆ ತಕ್ಕ ದಾರಿಯಾಗಿದ್ದಿತೆಂದು ಇಂದಿಗೂ ನಂಬಿದ್ದೇನೆ. ಆದರೆ ಮಾತು ಅವಳದಾಗಿರಬೇಕು. ಒಪ್ಪಿಗೆಯ ಕಾಗದಕ್ಕೆ ಗಂಡನ ಸಹಿಯನ್ನು ಪಡೆದು ತಾಯಿಯನ್ನು ಕೇಳದೆ ಬಿಡುವ ವಾಡಿಕೆ ಇನ್ನೂ ಅಳಿದಿಲ್ಲ. ಪ್ರಜ್ಞೆಯುಳ್ಳ ವಯಸ್ಕ ರೋಗಿಯ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲವೆಂದೂ, ಅಪಾಯಗಳನ್ನೂ ಬೇರೆ ದಾರಿಗಳನ್ನೂ ತಿಳಿಸಿಯೇ ಅದನ್ನು ಪಡೆಯಬೇಕೆಂದೂ ನಮ್ಮ ಸರ್ವೋಚ್ಚ ನ್ಯಾಯಾಲಯ ಸಮೀರಾ ಕೊಹ್ಲಿಯವರ ಮೊಕದ್ದಮೆಯಲ್ಲಿ 2008ರಲ್ಲಿಯೇ ತೀರ್ಪಿತ್ತಿದೆ. ಪಂಚಾಂಗದ ವಿಷಯವನ್ನೂ ಹೇಳಿಬಿಡುತ್ತೇನೆ. ಹೇಗೂ ಆಗಲೇಬೇಕಾದ ಸಿಸೇರಿಯನ್ನನ್ನು 39 ವಾರ ತುಂಬಿದ ಮೇಲೆ, ಹಗಲಿನ ಹೊತ್ತು, ಮನೆಯವರ ಮನಸ್ಸಿಗೆ ಒಪ್ಪುವ ಗಳಿಗೆಯಲ್ಲಿ ಮಾಡುವುದರಲ್ಲಿ ಕೇಡಿಲ್ಲ. ಒಳ್ಳೆಯ ನಕ್ಷತ್ರಕ್ಕಾಗಿ 37ನೆಯ ವಾರದಲ್ಲಿಯೇ ಮಗುವನ್ನು ಹೊರಗೆಳೆಯಿರೆಂದು ಬಂದವರನ್ನು ನಾನು ಎಂದೂ ಒಪ್ಪಲಿಲ್ಲ, ಆ ಮಗುವಿನ ಉಸಿರಿಗೆ ನಕ್ಷತ್ರ ಹೊಣೆಯಾಗುವುದಿಲ್ಲ.

ಪತ್ರ ಬರೆದ ತಾಯಂದಿರು ನನ್ನಿಂದ ಒಂದು ಉತ್ತರವನ್ನು ಬಯಸಿದ್ದರೆ, ಅದು ಇದು: ಇನ್ನೂ ಮಕ್ಕಳು ಬೇಕೆಂಬ ಆಸೆಯಿದ್ದು, ಮಗು ಸರಿಯಾಗಿ ತಿರುಗಿದ್ದು, ಜೊತೆಗೆ ನಿಲ್ಲುವವರಿದ್ದರೆ, ಚೊಚ್ಚಲನ್ನು ಸಹಜವಾಗಿ ಹೆರಲು ಪ್ರಯತ್ನಿಸಿರಿ. ಅದಕ್ಕೆ ಮೊದಲು ಆಸ್ಪತ್ರೆಯನ್ನು ಕೆಲವು ಮಾತು ಕೇಳಿರಿ. ಚೊಚ್ಚಲ ತಾಯಂದಿರಲ್ಲಿ ನಿಮ್ಮಲ್ಲಿ ಸಿಸೇರಿಯನ್ ಆಗುವುದು ನೂರಕ್ಕೆ ಎಷ್ಟು ಮಂದಿಗೆ? ಹೆರಿಗೆ ಕೋಣೆಗೆ ನನ್ನ ಅಕ್ಕನನ್ನೋ ಗಂಡನನ್ನೋ ಬಿಡುವಿರಾ? ನೋವು ಕಡಿಮೆಮಾಡಲು ಏನು ಏರ್ಪಾಡಿದೆ, ರಾತ್ರಿಯಲ್ಲಿಯೂ ಇದೆಯೇ? ಮೊದಲನೆಯದು ಸಿಸೇರಿಯನ್ ಆದರೆ ಎರಡನೆಯದನ್ನು ಸಹಜವಾಗಿ ಹೆರಲು ನೀವು ಅವಕಾಶ ಕೊಡುವಿರಾ? ಇವನ್ನು ಕೇಳಿದೊಡನೆ ಮುಖ ಗಂಟಿಕ್ಕಿಕೊಳ್ಳುವ ಆಸ್ಪತ್ರೆಯನ್ನು ಏಳನೆಯ ತಿಂಗಳಿನಲ್ಲಿ ಬದಲಾಯಿಸುವುದು ಸುಲಭ, ಒಂಬತ್ತನೆಯದರಲ್ಲಿ ಬಲು ಕಷ್ಟ. ಆದುದರಿಂದ ಸೀಮಂತ ಮುಗಿಸಿಕೊಂಡು ತವರಿಗೆ ಹೋದ ವಾರದಲ್ಲಿಯೇ, ತಾಯಿ ಕಾರ್ಡನ್ನೂ ಸ್ಕ್ಯಾನಿಂಗಿನ ಕಾಗದಗಳನ್ನೂ ಹಿಡಿದು, ಅಲ್ಲಿನ ವೈದ್ಯರ ಬಳಿ ಹೋಗಿ ಕುಳಿತು ಕೇಳಿರಿ.